ಕಪಾಟಿನಲ್ಲಿಟ್ಟ ಕಣ್ಣು

ನಮ್ಮ ಕರಾವಳಿಯ ಮಳೆಗಾಲಕ್ಕೆ ಬೀಗದ ಭಯವಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಪುಸ್ತಕದ ರಟ್ಟು, ಚರ್ಮದ ಚೀಲ, ಮದುವೆಯ ರೇಶಿಮೆ ಸೀರೆ, ಯಾವುದನ್ನು ಮುಚ್ಚಿಟ್ಟರೂ ಆಟಿಯ ತೇವ ಅದನ್ನು ಹುಡುಕಿಕೊಂಡು ಬಂದೇ ಬರುತ್ತದೆ. ಇದನ್ನು ಬಲ್ಲವನಾಗಿದ್ದೂ ನಾನು ತಂದೆಯವರ ಕ್ಯಾಮರಾವನ್ನು ಹನ್ನೊಂದು ವರ್ಷ ಕಪಾಟಿನಲ್ಲಿಟ್ಟು ಪೂಜಿಸಿದೆ. ಅದರ ಪ್ರಾಯಶ್ಚಿತ್ತದ ಕಥೆಯಿದು.

ತಂದೆಯವರು ಬಂಟ್ವಾಳದಲ್ಲಿ ಶಾಲಾ ಅಧ್ಯಾಪಕರಾಗಿದ್ದರು. ಮುಂಬಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದ ಸೋದರಮಾವ ತಂದುಕೊಟ್ಟ ‘ಯಾಶಿಕಾ ಎಲೆಕ್ಟ್ರೊ ೩೫’ ಅವರ ಏಕೈಕ ವಿಲಾಸ. ೧೯೬೬ರಲ್ಲಿ ಜಪಾನಿನಲ್ಲಿ ಹೊರಬಂದ ಈ ಮಾದರಿ ರೇಂಜ್‌ಫೈಂಡರ್ ಜಾತಿಗೆ ಸೇರಿದುದು. ಎರಡು ಕಣ್ಣುಗಳ ನಡುವಣ ಅಂತರದ ನೆರವಿನಿಂದ ನಾವು ದೂರವನ್ನು ಅಳೆಯುತ್ತೇವಷ್ಟೆ. ಈ ಯಂತ್ರಕ್ಕೂ ಹಾಗೆಯೇ ಎರಡು ಕಿಟಕಿಗಳು. ಇಣುಕಿ ನೋಡಿದರೆ ನಡುವಿನ ಹಳದಿ ಚೌಕದಲ್ಲಿ ಒಂದೇ ವಸ್ತು ಎರಡಾಗಿ ತೋರುತ್ತದೆ. ಮಸೂರದ ಉಂಗುರವನ್ನು ತಿರುಗಿಸುತ್ತ ಬಂದಂತೆ ಎರಡು ಬಿಂಬಗಳೂ ಸಮೀಪಿಸಿ ಒಂದಾಗುತ್ತವೆ. ಒಂದಾದ ಕ್ಷಣವೇ ಚಿತ್ರ ತೆಗೆಯುವ ಕ್ಷಣ. ಹೀಗೆ ದೂರಮಾಪಕವನ್ನು ಮಸೂರದೊಡನೆ ಜೋಡಿಸಿದ ಲೈಕಾ ಮತ್ತು ಕಾಂಟ್ಯಾಕ್ಸ್ ಕ್ಯಾಮರಾಗಳು ಜರ್ಮನಿಯಲ್ಲಿ ಬಂದದ್ದು ೧೯೩೨ರಲ್ಲಿ. ಆ ವಂಶದ ಬಡ ನೆಂಟನೊಬ್ಬ ನೇತ್ರಾವತಿಯ ದಡಕ್ಕೂ ಬಂದು ಸೇರಿದ್ದನು.

ನಿವೃತ್ತಿಯ ಬಳಿಕ ತಂದೆಯವರ ಕೈ ನಡುಗತೊಡಗಿತು. ಒಂದು ಸಂಜೆ ಕ್ಯಾಮರಾವನ್ನು ನನ್ನ ಮುಂದಿಟ್ಟು, “ಇನ್ನು ನೀನು ತೆಗೆ” ಎಂದರು. “ಬೇಡ, ಕೆಟ್ಟೀತು, ಜೋಪಾನವಾಗಿರಲಿ” ಎಂದು ನಾನು ಅದನ್ನು ಒಳಗಿಟ್ಟು ಬೀಗ ಹಾಕಿದೆ. ಅವರು ಮರುಮಾತಾಡಲಿಲ್ಲ. ಅವರು ತೀರಿಕೊಂಡ ಮೇಲೆ ಆಲ್ಬಮ್ಮು ತಿರುವುವಾಗ ನನ್ನ ತಪ್ಪು ಎದುರಿಗೆ ನಿಂತಿತು. ಅದರಲ್ಲಿ ಅಮ್ಮನಿದ್ದಾಳೆ, ನಾವಿದ್ದೇವೆ, ಹಸುವಿನ ಕರುವೂ ಇದೆ, ಅವರಿಲ್ಲ. ಕ್ಯಾಮರಾ ಹಿಡಿದವನಿಗೆ ಚಿತ್ರದೊಳಗೆ ಎಡೆ ಎಲ್ಲಿ? ಆ ಸಂಜೆ ನಾನು ಅದನ್ನು ಕೈಗೆತ್ತಿಕೊಂಡಿದ್ದರೆ ಮೊದಲನೆಯ ಚಿತ್ರ ಅವರದೇ ಆಗುತ್ತಿತ್ತು.

ಕೊನೆಗೊಮ್ಮೆ ವಿದ್ಯಾರ್ಥಿಯೊಬ್ಬ ಹಳೆಯ ಕ್ಯಾಮರಾ ನೋಡಬೇಕೆಂದು ಕೇಳಿದ ನೆವದಿಂದ ಚೀಲ ಬಿಚ್ಚಿದೆ. ಮಸೂರದೊಳಗೆ ಜೇಡನ ಬಲೆಯಂತೆ ಬೂಷ್ಟು ಹಬ್ಬಿತ್ತು. ತೇವವನ್ನು ಹೀರಿಟ್ಟುಕೊಳ್ಳುವ ಚರ್ಮದ ಚೀಲ, ಗಾಳಿಯಾಡದ ಕತ್ತಲೆ, ಇವೇ ಬೂಷ್ಟಿಗೆ ಹಬ್ಬದೂಟ. ಅದು ಸ್ರವಿಸುವ ಆಮ್ಲ ಗಾಜಿನ ಲೇಪವನ್ನೇ ಕೊರೆಯುತ್ತದೆ. ನಾನು ಭಕ್ತಿಯೆಂದುಕೊಂಡದ್ದೇ ಅದಕ್ಕೆ ಶತ್ರುವಾಗಿತ್ತು.

ಪೇಟೆಯ ರಿಪೇರಿಯವರೊಬ್ಬರು, “ಬಿಡಿಭಾಗ ಸಿಗುವುದಿಲ್ಲ, ಷೋಕೇಸಿನಲ್ಲಿಡಿ” ಎಂದರು. ಅದೇ ಮಾತನ್ನು ಹಿಂದೆ ನಾನೂ ಬೇರೆ ಬಗೆಯಲ್ಲಿ ಆಡಿದ್ದೆನಲ್ಲವೆ! ಬಂಟ್ವಾಳ ಪೇಟೆಯ ವೃದ್ಧ ಗಡಿಯಾರ ರಿಪೇರಿಗಾರರು ಮಾತ್ರ ತಮ್ಮ ಸಣ್ಣ ತಿರುಪುಳಿಗಳನ್ನು ಕೊಟ್ಟು ಒಂದೇ ಸೂತ್ರ ಹೇಳಿದರು: “ಯಾವ ತಿರುಪು ಎಲ್ಲಿತ್ತೆಂದು ಮೊದಲು ಬರೆದುಕೊಳ್ಳಿ, ಆಮೇಲೆ ಬಿಚ್ಚಿ.” ಗ್ರಂಥಸಂಪಾದನೆಯ ಪಾಠವೂ ಇದೇ.

ಮೂರು ಬೇಸಗೆ ರಜೆಗಳು ಇದಕ್ಕೆ ಸಂದವು. ಹಿಂಬಾಗಿಲಿನ ಅಂಚಿನಲ್ಲಿ ಬೆಳಕನ್ನು ತಡೆಯುವ ಸ್ಪಂಜು ಕಾಕಂಬಿಯಂತೆ ಅಂಟಾಗಿತ್ತು. ಅದನ್ನು ಕೆರೆದು ಕಪ್ಪು ಉಣ್ಣೆಯ ನೂಲು ಕೂರಿಸಿದೆ. ಈ ಮಾದರಿಯ ಒಳಗೊಂದು ಪುಟ್ಟ ರಬ್ಬರಿನ ಮೆತ್ತೆಯಿರುತ್ತದೆ. ಅದು ಪುಡಿಯಾದರೆ ಫಿಲ್ಮು ಸುತ್ತುವಾಗ ಕೇಳಬೇಕಾದ ‘ಟಕ್’ ಸದ್ದು ನಿಂತು, ಬೆಳಕಿನ ಲೆಕ್ಕವೆಲ್ಲ ತಪ್ಪುತ್ತದೆ. ಕಾಸಿನಗಲಕ್ಕೂ ಕಿರಿದಾದ ಹೊಸ ರಬ್ಬರನ್ನು ಅಂಟಿಸಿದೆ. ೫.೬ ವೋಲ್ಟಿನ ಪಾದರಸದ ಬ್ಯಾಟರಿ ವಿಷಕಾರಿಯೆಂದು ಈಗ ತಯಾರಾಗುವುದಿಲ್ಲ. ೬ ವೋಲ್ಟಿನ ಹೊಸ ಬ್ಯಾಟರಿಗೆ ಒತ್ತು ಕೊಟ್ಟು ಕೂರಿಸಿದರೆ ನಡೆಯುತ್ತದೆ. ಮಸೂರವನ್ನು ಬಿಚ್ಚಿ ತೊಳೆದೆ. ಬೂಷ್ಟು ಹೋಯಿತು, ಅದು ಕೊರೆದ ಕಲೆ ಉಳಿಯಿತು. ಆ ಕಲೆ ಇನ್ನು ಹೋಗುವಂಥದಲ್ಲ.

ಬಿಂಬಗಳನ್ನು ಹೊಂದಿಸುವುದೊಂದು ಬಾಕಿಯಿತ್ತು. ಇದಕ್ಕೆ ಬಹುದೂರದ, ಅಂಚು ಸ್ಪಷ್ಟವಾಗಿರುವ ವಸ್ತು ಬೇಕು. ಬೆಳ್ತಂಗಡಿಯಲ್ಲಿರುವ ಅಕ್ಕನ ಮನೆಯ ಗುಡ್ಡಕ್ಕೆ ಹೋಗಿ, ಟಿಪ್ಪು ಸುಲ್ತಾನ ೧೭೯೪ರಲ್ಲಿ ಜಮಾಲಾಬಾದ್ ಕೋಟೆ ಕಟ್ಟಿಸಿದ ಗಡಾಯಿಕಲ್ಲನ್ನು ನೋಡಿದೆ. ಉಂಗುರವನ್ನು ಅನಂತದ ಗುರುತಿಗೆ ತಿರುಗಿಸಿದರೂ ಒಂದು ಬಂಡೆಯ ಮೇಲೆ ಇನ್ನೊಂದು ಬಂಡೆ ಕುಳಿತಿತ್ತು. ಮೇಲ್ಮುಚ್ಚಳದಡಿಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ನೋಡಿ, ಮತ್ತೆ ತಿರುಗಿಸಿ, ಹೊತ್ತು ಇಳಿಯುವ ವೇಳೆಗೆ ಕಲ್ಲು ಒಂದಾಯಿತು.

ಹಳೆಯ ವಸ್ತುಗಳನ್ನು ಇಟ್ಟು ತೋರಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಅದೇ ತಾಲೂಕಿನ ಧರ್ಮಸ್ಥಳದಲ್ಲಿ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕ್ಯಾಮರಾಗಳನ್ನು ನೂರಾರು ಕಣ್ಣುಗಳು ಕಾಣುತ್ತವೆ. ಅದೂ ಒಂದು ಬಳಕೆ. ಯಾರೂ ಕಾಣದಂತೆ ಇಡುವುದು ಬೇರೆ. ನಾನು ಪಾಠ ಹೇಳುವ ಮೂಡಬಿದಿರೆಯೇ ಇದಕ್ಕೆ ಸಾಕ್ಷಿ. ಇಲ್ಲಿಯ ಬಸದಿಯಲ್ಲಿ ಧವಲಾದಿ ಸಿದ್ಧಾಂತ ಗ್ರಂಥಗಳ ಹಳಗನ್ನಡ ಲಿಪಿಯ ತಾಳೆಗರಿಗಳು ಶತಮಾನಗಳ ಕಾಲ ಭಕ್ತರ ದರ್ಶನಕ್ಕೆ ಮಾತ್ರ ಒದಗಿದುವು. ಕಾಪಾಡಿದವರ ಋಣ ದೊಡ್ಡದು, ನಿಜ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿಮಾಡುವ ಕೆಲಸ ತೊಡಗಿ, ೧೯೩೯ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಸಂಪುಟಗಳು ಅಚ್ಚಾಗತೊಡಗಿದಾಗಲೇ ಅವು ಮತ್ತೆ ಓದುಗರ ಕೈಸೇರಿದುವು. ಗರಿ ಉಳಿಯುವುದು ಪೆಟ್ಟಿಗೆಯಿಂದ. ಗ್ರಂಥ ಉಳಿಯುವುದು ಓದಿನಿಂದ.

ಫಿಲ್ಮಿನ ಸುರುಳಿ ಈಗ ದುಬಾರಿ. ಉದಕಮಂಡಲದಲ್ಲಿ ೧೯೬೦ರಲ್ಲಿ ಸ್ಥಾಪನೆಯಾಗಿ ‘ಇಂದು’ ಎಂಬ ಹೆಸರಿನ ಫಿಲ್ಮು ತಯಾರಿಸಿದ ಕಾರ್ಖಾನೆ ಮುಚ್ಚಿಹೋಗಿದೆ. ಪರದೇಶದ ಸುರುಳಿಯೇ ಗತಿ. ಮೊದಲ ಸುರುಳಿಯ ಮೂವತ್ತಾರು ಚಿತ್ರಗಳಲ್ಲಿ ಕೆಲವನ್ನು ೧೪೩೦ರ ಸಾವಿರ ಕಂಬದ ಬಸದಿಯ ಹೊರಮಂಟಪದ ಕಂಬಗಳಿಗೆ ವ್ಯಯಿಸಿದೆ. ನೆರಳಿನಲ್ಲಿ ಹಳದಿ ದೀಪ ಹೊತ್ತಿ, ‘ನಿಧಾನ’ ಎಂದು ಎಚ್ಚರಿಸಿತು. ಉಸಿರು ಹಿಡಿದು ಒತ್ತಿದೆ, ಪಿಸುಮಾತಿನಷ್ಟೇ ಸದ್ದು.

ಕೊನೆಯವೆರಡು ಬಂಟ್ವಾಳದ ಮನೆಗೆ. ಜಗಲಿಯಲ್ಲಿ ಕುಳಿತ ಅಮ್ಮ ಹಳದಿ ಚೌಕದಲ್ಲಿ ಇಬ್ಬರಾಗಿದ್ದಳು. ಉಂಗುರ ತಿರುಗಿಸಿದೆ, ಒಬ್ಬಳಾದಳು. ಚಿತ್ರ ತೆಗೆದ ಮೇಲೆ ಆಕೆ ಕೈನೀಡಿ, “ಇಲ್ಲಿ ಕೊಡು, ನೀನು ಹೋಗಿ ಅಲ್ಲಿ ಕುಳಿತುಕೋ” ಎಂದಳು. ಜೀವಮಾನದಲ್ಲಿ ಕ್ಯಾಮರಾ ಹಿಡಿದವಳಲ್ಲ. ಎರಡನ್ನು ಒಂದು ಮಾಡುವ ಬಗೆಯನ್ನು ಹೇಳಿಕೊಟ್ಟೆ.

ಆ ಚಿತ್ರ ತುಸು ಓರೆಯಾಗಿದೆ. ಮಸೂರದ ಕಲೆಯಿಂದಾಗಿ ನನ್ನ ಹೆಗಲ ಬಳಿ ಬಿಸಿಲು ಮಂಜಿನಂತೆ ಹರಡಿದೆ. ಆಲ್ಬಮ್ಮಿನಲ್ಲಿ ಅದನ್ನು ಅಂಟಿಸಿದ್ದೇನೆ. ಕ್ಯಾಮರಾ ಈಗ ಚೀಲವಿಲ್ಲದೆ, ಬೆಳಗಿನ ಬಿಸಿಲು ಬೀಳುವ ಕಡೆ, ಮಕ್ಕಳ ಕೈಗೆಟಕುವ ಮೊಳೆಯೊಂದಕ್ಕೆ ತೂಗುತ್ತಿದೆ.