ಮನೆಗೊಂದು ನೆಟ್, ಮಕ್ಕಳಿಗೊಂದು ಕಂಪ್ಯೂಟರ್: ಮಧುಗಿರಿ ಸೀಮೆಯಲ್ಲಿ ಆರಿಸುವುದು ಹೇಗೆ?

ಎಸೆಸೆಲ್ಸಿ ಫಲಿತಾಂಶ ಬಂದ ದಿನ ಜಿಲ್ಲೆಗಳ ಪಟ್ಟಿ ನೋಡುವಾಗ ನಮ್ಮ ಕರಾವಳಿಯವರಿಗೆ ಒಂದು ಸಂಶಯ ಬರುವುದುಂಟು. ತುಮಕೂರು ಅಂತ ಒಂದು ಹೆಸರು, ಮಧುಗಿರಿ ಅಂತ ಇನ್ನೊಂದು. ಮಧುಗಿರಿ ಯಾವಾಗ ಜಿಲ್ಲೆ ಆಯಿತು ಮಾರಾಯ್ರೇ? ಆಗಿಲ್ಲ. ಉತ್ತರ ಕನ್ನಡದಲ್ಲಿ ಶಿರಸಿಗೆ ಬೇರೆ ಲೆಕ್ಕ ಇರುವ ಹಾಗೆ, ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲೂಕುಗಳನ್ನು ಸೇರಿಸಿ ಶಿಕ್ಷಣ ಇಲಾಖೆ ಮಾಡಿಕೊಂಡ ಶೈಕ್ಷಣಿಕ ಜಿಲ್ಲೆ ಅದು. ಕಲ್ಲು ಬೆಟ್ಟ, ಶೇಂಗಾ ಹೊಲ, ಮಳೆ ಕಡಿಮೆ ಇರುವ ಸೀಮೆ. ಬೇಕರಿ, ಹೋಟೆಲ್ ಅಂತ ನಮ್ಮ ಕಡೆಯಿಂದ ಹೋಗಿ ನೆಲೆಸಿದ ಕುಟುಂಬಗಳೂ ಹೆದ್ದಾರಿ ಬದಿಯಲ್ಲಿ ಸಿಗುತ್ತವೆ.

ಶಿರಾದ ಅಂಥ ಒಂದು ಮನೆಯ ವಿಷಯ ಹೇಳುತ್ತೇನೆ. ಮಗಳು ಪಿಯುಸಿ ವಿಜ್ಞಾನ ಮುಗಿಸಿದಳು, ಸಿಇಟಿ ರ‍್ಯಾಂಕ್ ಬಂತು. ಆಮೇಲೆ ಆಪ್ಷನ್ ಎಂಟ್ರಿ ಅಂತ ಇದೆಯಲ್ಲ, ಯಾವ ಕಾಲೇಜು, ಯಾವ ಕೋರ್ಸ್ ಅಂತ ನಮ್ಮ ಇಷ್ಟದ ಕ್ರಮದಲ್ಲಿ ಆನ್‌ಲೈನಿನಲ್ಲೇ ತುಂಬುವುದು. ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಆ ಉದ್ದದ ಪಟ್ಟಿ ತುಂಬುವಾಗ ಕ್ರಮ ಹಿಂದೆ ಮುಂದೆ ಆಯಿತು. ಅಣಕು ಸೀಟು ಹಂಚಿಕೆ ಆದ ಮೇಲೆ ತಿದ್ದಲು ಅವಕಾಶ ಕೊಡುತ್ತಾರೆ. ಆದರೆ ತಿದ್ದುವ ಕೊನೆಯ ದಿನಕ್ಕೆ ಮನೆಯ ನೆಟ್ ಹೋಗಿ ಎರಡು ದಿನ ಆಗಿತ್ತು. ಕಂಪೆನಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ. ಬಾಪ ಬೇಕರಿ ಬೇಗ ಮುಚ್ಚಿ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಸೈಬರ್ ಸೆಂಟರ್ ಹುಡುಕಿ ಹೊರಟರು. ಹೇಗೋ ಅವಧಿ ಮುಗಿಯುವ ಮೊದಲು ಕೆಲಸ ಆಯಿತು. ಮರುದಿನ ಅವರು ಕೇಳಿದ್ದು ಇಷ್ಟೇ: "ಉಸ್ತಾದ್, ಯಾವ ನೆಟ್ ಹಾಕಿಸಬೇಕು, ಯಾವ ಕಂಪ್ಯೂಟರ್ ತೆಗೆಯಬೇಕು, ಒಮ್ಮೆ ಸರಿಯಾಗಿ ಹೇಳಿಬಿಡಿ."

ನಾನೇನೂ ಕಂಪ್ಯೂಟರ್ ಪಂಡಿತ ಅಲ್ಲ. ಲೈನ್ ಎಳೆಯುವವರನ್ನು, ರಿಪೇರಿಯವರನ್ನು ಕೇಳಿ ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ಪೀಡಿನ ಮರುಳು ಬಿಡಬೇಕು. ಕರಪತ್ರದಲ್ಲಿ 100 ಎಂಬಿಪಿಎಸ್, 300 ಎಂಬಿಪಿಎಸ್ ಅಂತ ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಅಂತ ಕರೆಸಿಕೊಳ್ಳಲು 2 ಎಂಬಿಪಿಎಸ್ ಇದ್ದರೆ ಸಾಕು, 2023ರ ಮೊದಲು ಅರ್ಧ ಎಂಬಿಪಿಎಸ್ಸೇ ಸಾಕಿತ್ತು. ಒಂದು ಆನ್‌ಲೈನ್ ಕ್ಲಾಸಿಗೆ ಮೂರು ನಾಲ್ಕು ಎಂಬಿಪಿಎಸ್ ಧಾರಾಳ. ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ವಿಡಿಯೋ ನೋಡಿದರೂ ಹದಿನೈದು ದಾಟುವುದಿಲ್ಲ. 30 ಎಂಬಿಪಿಎಸ್ ಪ್ಲಾನಿನಲ್ಲಿ 300 ಎಂಬಿಯ ಒಂದು ಪಾಠ ಒಂದೂವರೆ ನಿಮಿಷದೊಳಗೆ ಇಳಿಯುತ್ತದೆ. ಇನ್ನೇನು ಬೇಕು? ಎಲ್ಲಕ್ಕಿಂತ ಕಡಿಮೆಯ ಪ್ಲಾನ್ ಹಾಕಿಸಿ.

ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಲೈನ್ ಕಟ್ಟಾದರೆ ಯಾರು ಬರುತ್ತಾರೆ, ಎಲ್ಲಿಂದ ಬರುತ್ತಾರೆ?

ಯಾಕೆಂದರೆ ಈ ಸೀಮೆಯಲ್ಲಿ ಲೈನ್ ಕಟ್ಟಾಗಿಯೇ ಆಗುತ್ತದೆ. ಫೈಬರ್ ಅಂದರೆ ಕೂದಲೆಳೆಯಷ್ಟು ಗಾಜು. ಅದು ಕಂಬದಿಂದ ಕಂಬಕ್ಕೆ ಹೊಲದ ಮೇಲೆ ಬರುತ್ತದೆ, ಇಲ್ಲವೇ ರಸ್ತೆ ಬದಿಯ ಮಣ್ಣಿನಲ್ಲಿ. ಮೇಲೆ ಇದ್ದರೆ ಮೇವು ಏರಿಸಿದ ಲಾರಿ ಸಿಕ್ಕಿಸಿಕೊಂಡು ಹೋಗುತ್ತದೆ, ಅಳಿಲು ಕಡಿಯುತ್ತದೆ. ಕೆಳಗೆ ಇದ್ದರೆ ಜೆಸಿಬಿ. ರೈಲು ಮಾರ್ಗ, ನೀರಿನ ಪೈಪು, ರಸ್ತೆ ಅಗಲ ಅಂತ ಅಗೆತ ಎಲ್ಲಿ ನಿಂತಿದೆ ಹೇಳಿ. ಗ್ರಾಮ ಪಂಚಾಯತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ, ಆಮೇಲೆ ಅದಕ್ಕೆ ಭಾರತ್‌ನೆಟ್ ಅಂತ ಹೆಸರಾಯಿತು. ಅದರ ದಾರಿ ಹಗ್ಗದ ಹಾಗೆ ಉದ್ದಕ್ಕೆ ಇತ್ತು, ನಡುವೆ ಒಂದು ಕಡೆ ತುಂಡಾದರೆ ಅದರಾಚೆಯ ಊರುಗಳೆಲ್ಲ ಕತ್ತಲೆ. 2023ರ ಆಗಸ್ಟಿನಲ್ಲಿ 1.39 ಲಕ್ಷ ಕೋಟಿ ರೂಪಾಯಿಯ ಹೊಸ ಹಂತಕ್ಕೆ ಒಪ್ಪಿಗೆ ಕೊಟ್ಟಾಗ ಬಳೆಯ ಹಾಗೆ ಸುತ್ತು ಹಾಕುವ ಕ್ರಮ ತಂದರು, ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯಿಂದ ನೆಟ್ ಬರಲಿ ಅಂತ. ಆದರೆ ಪಂಚಾಯತಿ ಕಟ್ಟಡದಿಂದ ನಿಮ್ಮ ಮನೆಯವರೆಗಿನ ತುಂಡಿಗೆ ಯಾವ ಬಳೆಯೂ ಇಲ್ಲ. ಅದನ್ನು ಜೋಡಿಸಲು ಏಣಿ ಹಿಡಿದು ಒಬ್ಬ ಮನುಷ್ಯನೇ ಬರಬೇಕು.

ಬಿಎಸ್ಸೆನ್ನೆಲ್ ಫೈಬರ್ ಕೂಡ ಎಷ್ಟೋ ಕಡೆ ಸ್ಥಳೀಯ ಕೇಬಲ್‌ನವರ ಮೂಲಕವೇ ಮನೆಗೆ ಬರುತ್ತದೆ. ಹೆಸರು ದೊಡ್ಡದೋ ಚಿಕ್ಕದೋ, ನಿಮ್ಮ ಬೀದಿಗೆ ಬರುವ ಹುಡುಗ ಯಾರು ಅಂತ ನೋಡಿ. ಅದೇ ಬೀದಿಯ ಮೂರು ಮನೆಯಲ್ಲಿ ಕೇಳಿ: ಕಳೆದ ಮಳೆಗಾಲದಲ್ಲಿ ಎಷ್ಟು ಸಲ ಹೋಗಿತ್ತು, ಎಷ್ಟು ಹೊತ್ತಿಗೆ ಬಂದರು? ಅಂಗಡಿಯವರ ಮಾತಿಗಿಂತ ನೆರೆಮನೆಯವರ ಮಾತು ಮೇಲು. ಕಸ್ಟಮರ್ ಕೇರ್ ನಂಬರ್ ಅಲ್ಲ, ಲೈನ್‌ಮ್ಯಾನ್ ನಂಬರ್ ತೆಗೆದುಕೊಳ್ಳಿ. ರಿಯಾಯಿತಿಯ ಆಸೆಗೆ ಮೊದಲೇ ವರ್ಷದ ಹಣ ಕಟ್ಟಬೇಡಿ, ಮೂರು ತಿಂಗಳು ತಿಂಗಳಿಗೇ ಕಟ್ಟಿ ನೋಡಿ.

ಲೈನ್ ಹಾಕುವ ದಿನ ಮನೆಯಲ್ಲೇ ಇರಿ. ಅವರ ಹತ್ತಿರ ಪವರ್ ಮೀಟರ್ ಇರುತ್ತದೆ, ಬೆಳಕು ಎಷ್ಟು ಬರುತ್ತಿದೆ ಅಂತ ಮೈನಸ್ ಅಂಕಿಯಲ್ಲಿ ತೋರಿಸುತ್ತದೆ. ಮೈನಸ್ 20ರ ಆಸುಪಾಸು ಇದ್ದರೆ ಒಳ್ಳೆಯದು, 27ರ ಹತ್ತಿರ ಹೋದರೆ ಜೋಡಣೆ ಸರಿ ಇಲ್ಲ, ಇನ್ನೊಮ್ಮೆ ಮಾಡಲು ಹೇಳಿ. ಪೆಟ್ಟಿಗೆಯಲ್ಲಿ ಎಲ್‌ಒಎಸ್ ಅಂತ ಕೆಂಪು ದೀಪ ಮಿನುಗಿದರೆ ತೊಂದರೆ ಕೇಬಲಿನದು, ನೀವು ಎಷ್ಟು ಸಲ ಆಫ್ ಆನ್ ಮಾಡಿದರೂ ಪ್ರಯೋಜನ ಇಲ್ಲ. ಕಲ್ಲು ಗೋಡೆಯ ಹಳೇ ಮನೆಗಳಲ್ಲಿ ವೈಫೈ ಪೆಟ್ಟಿಗೆ ಮೂಲೆಯಲ್ಲಿ ಇಡಬಾರದು, ನಡುಮನೆಯಲ್ಲಿ ಎತ್ತರಕ್ಕೆ ಇಡಿ.

ಈಗ ಕೇಬಲ್ ಇಲ್ಲದೆ ಮಾಡಿನ ಮೇಲೆ ಪೆಟ್ಟಿಗೆ ಇಟ್ಟು ಟವರ್‌ನಿಂದ ಗಾಳಿಯಲ್ಲೇ ನೆಟ್ ಕೊಡುವುದೂ ಬಂದಿದೆ. ಕೇಬಲ್ ಬಾರದ ತೋಟದ ಮನೆಗೆ ಅದು ಉಪಕಾರವೇ. ಆದರೆ ಮಧುಗಿರಿಯ ಏಕಶಿಲಾ ಬೆಟ್ಟದ ಮರೆಯಲ್ಲಿ, ಕೊರಟಗೆರೆಯ ಸಿದ್ಧರಬೆಟ್ಟದ ಆಚೆ ಮನೆ ಇದ್ದರೆ ಟವರ್ ಕಾಣಬೇಕಲ್ಲ! ಸಂಜೆ ಏಳರಿಂದ ಹತ್ತರವರೆಗೆ, ಎಲ್ಲರೂ ಮೊಬೈಲ್ ಹಿಡಿಯುವ ಹೊತ್ತಿನಲ್ಲಿ ಪರೀಕ್ಷಿಸಿದ ಮೇಲೆಯೇ ಹಣ ಕೊಡಿ.

ಕರೆಂಟಿನ ವಿಷಯ ಮರೆಯಬಾರದು. ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ, ಆದರೂ ಮನೆಯಲ್ಲಿ ಕರೆಂಟ್ ಹೋದರೆ ವೈಫೈ ಹೋದ ಹಾಗೆಯೇ. ರೂಟರ್‌ಗೆಂದೇ ಪುಸ್ತಕದ ಗಾತ್ರದ ಸಣ್ಣ ಯುಪಿಎಸ್ ಸಿಗುತ್ತದೆ, ಸಾವಿರದ ಐನೂರರ ಆಸುಪಾಸಿಗೆ. ಎರಡು ಮೂರು ಗಂಟೆ ನಡೆಸುತ್ತದೆ.

ಬಿಲ್ಲಿನಲ್ಲಿ ಹೇಳಿದ ದರದ ಮೇಲೆ 18 ಶೇಕಡಾ ಜಿಎಸ್‌ಟಿ ಬರುತ್ತದೆ. ಪೆಟ್ಟಿಗೆಯ ಠೇವಣಿ ವಾಪಸ್ ಸಿಗುತ್ತದೋ ಇಲ್ಲವೋ ಅಂತ ಬರೆಸಿಕೊಳ್ಳಿ. ದೂರು ಕೊಟ್ಟರೆ ದೂರಿನ ಸಂಖ್ಯೆ ಇಟ್ಟುಕೊಳ್ಳಿ. ಅದರಿಂದ ಆಗದಿದ್ದರೆ ಪ್ರತಿ ಕಂಪೆನಿಯಲ್ಲೂ ಮೇಲ್ಮನವಿ ಪ್ರಾಧಿಕಾರ ಇರಲೇಬೇಕು, ಅಲ್ಲಿ ಶುಲ್ಕ ಇಲ್ಲ.

ಇನ್ನು ಕಂಪ್ಯೂಟರ್. ಕರೆಂಟ್ ಹೋಗುವ ಊರಿಗೆ ಡೆಸ್ಕ್‌ಟಾಪ್‌ಗಿಂತ ಲ್ಯಾಪ್‌ಟಾಪ್ ಮೇಲು. ಇಪ್ಪತ್ತು ಸಾವಿರದ ಹೊಸ ಲ್ಯಾಪ್‌ಟಾಪ್ ಅಂತ ಮಿಂಚುವ ಜಾಹೀರಾತು ನೋಡಿ ಮೋಸ ಹೋಗುವವರೇ ಜಾಸ್ತಿ. ಅದರಲ್ಲಿ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಮಾತ್ರ ಇದ್ದರೆ ಆರು ತಿಂಗಳಲ್ಲಿ ಎತ್ತಿನಗಾಡಿ ಆಗುತ್ತದೆ. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ಇದಕ್ಕಿಂತ ಕಡಿಮೆ ಬೇಡ. ಅದೇ ಹಣಕ್ಕೆ ಆಫೀಸುಗಳಿಂದ ಬಂದ ಸೆಕೆಂಡ್‌ಹ್ಯಾಂಡ್ ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುತ್ತವೆ. ಗಟ್ಟಿ ಮೈ, ರಿಪೇರಿಗೂ ಸುಲಭ.

ಆದರೆ ಒಂದು ಎಚ್ಚರಿಕೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ನಡೆಯಬೇಕಾದರೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು. ಐ5 ಅಂತ ಬರೆದ ಮೇಲಿನ ಸಂಖ್ಯೆ ನೋಡಿ: 8250 ಇದ್ದರೆ ಎಂಟನೆಯದು, 6300 ಇದ್ದರೆ ಆರನೆಯದು. "ಐ5 ಇದೆ ಸಾರ್" ಅಂತ ಹೇಳಿ ಆರನೆಯದನ್ನು ಕಟ್ಟುವವರು ಇದ್ದಾರೆ. ಬ್ಯಾಟರಿ ರಿಪೋರ್ಟ್ ಅಲ್ಲೇ ತೆಗೆಸಿ, ಹೊಸದರಲ್ಲಿ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎರಡೂ ಅಂಕಿ ಬರುತ್ತದೆ. ಅರ್ಧಕ್ಕಿಂತ ಕಡಿಮೆ ಇದ್ದರೆ ಬ್ಯಾಟರಿ ಹಣ ಕಡಿಮೆ ಮಾಡಿಸಿ. ಎಲ್ಲ ಕೀ ಒತ್ತಿ ನೋಡಿ. ಬಿಲ್ಲು, ವಾರಂಟಿ ಬರಹದಲ್ಲಿ ಬೇಕು. ವಿಂಡೋಸ್ ಇಲ್ಲದೆ ಉಬುಂಟು ಹಾಕಿಸಿಕೊಂಡರೂ ಕೆಲಸ ನಡೆಯುತ್ತದೆ. ಕೇರಳದ ಸರಕಾರಿ ಶಾಲೆಗಳ ಮಕ್ಕಳು ಅಂಥದ್ದರಲ್ಲೇ ಕಲಿಯುತ್ತಾರೆ.

ಕಂತಿನ ವಿಷಯಕ್ಕೆ ಬಂದರೆ, ನೋ ಕಾಸ್ಟ್ ಇಎಂಐ ಅಂದರೆ ಬಡ್ಡಿ ಇಲ್ಲ ಅಂತ ತಿಳಿಯಬೇಡಿ. ಬ್ಯಾಂಕ್ ಬಡ್ಡಿ ಹಾಕುತ್ತದೆ, ಅಷ್ಟನ್ನು ಬೆಲೆಯಲ್ಲಿ ಕಡಿಮೆ ಮಾಡಿ ತೋರಿಸುತ್ತಾರೆ, ಬಡ್ಡಿಯ ಮೇಲಿನ ಜಿಎಸ್‌ಟಿ ನಮ್ಮ ತಲೆಗೆ. ಬಡ್ಡಿಯಿಂದ ದೂರ ಇರಬೇಕೆನ್ನುವವರು ಎರಡು ತಿಂಗಳು ತಡೆದು ನಗದಿಗೇ ತೆಗೆದುಕೊಳ್ಳುವುದು ಲೇಸು. ಅಲ್ಲಿಯ ತನಕ ಸ್ಕಾಲರ್‌ಶಿಪ್ಪಿನ ಅರ್ಜಿಗೆ ಗ್ರಾಮ ಒನ್ ಇದೆ, ಪಂಚಾಯತಿ ಗ್ರಂಥಾಲಯ ಅಂದರೆ ಅರಿವು ಕೇಂದ್ರ ಇದೆ. (ಅಲ್ಪಸಂಖ್ಯಾತರ ನಿಗಮದ ಅರಿವು ಸಾಲ ಬೇರೆ, ಇದು ಬೇರೆ.) ಜಮಾಅತಿನವರು ಮದ್ರಸದ ಒಂದು ಕೋಣೆಯಲ್ಲಿ ಒಂದು ಲೈನ್, ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟರೆ ಸಿಇಟಿ ಸಮಯದಲ್ಲಿ ಇಪ್ಪತ್ತು ಮನೆಗೆ ಆಗುತ್ತದೆ. ಬೀಗದ ಕೈ ಯಾರ ಹತ್ತಿರ ಅನ್ನುವ ಚರ್ಚೆ ಮೊದಲೇ ಮುಗಿಸಿಕೊಳ್ಳಿ.

ಶಿರಾದ ಆ ಮನೆಯವರು ಕೊನೆಗೆ ಹತ್ತಿರದ ಕೇಬಲ್ ಅಂಗಡಿಯವರ 30 ಎಂಬಿಪಿಎಸ್ ಲೈನ್ ಹಾಕಿಸಿಕೊಂಡರು, ಹತ್ತೊಂಬತ್ತು ಸಾವಿರಕ್ಕೆ ಎಂಟನೇ ತಲೆಮಾರಿನ ಹಳೇ ಥಿಂಕ್‌ಪ್ಯಾಡ್ ತಂದರು. ಚಾರ್ಜರ್ ಡೂಪ್ಲಿಕೇಟ್ ಕೊಟ್ಟಿದ್ದರು. ಬಿಲ್ಲು ಕೈಯಲ್ಲಿ ಇದ್ದದ್ದಕ್ಕೆ ಮರುವಾರ ಬಾಪ ಹೋಗಿ ಬದಲಾಯಿಸಿಕೊಂಡು ಬಂದರು.