ಯಾರೂ ಹೊರಡದಿದ್ದರೆ ಢಾವಲೊ ಇಲ್ಲ

ಆಳಂದ ತಾಲ್ಲೂಕಿನ ತಾಂಡಾದಾಗ ಹುಟ್ಟಿದಾಕಿ ನಾನು. ಈಗ ಜೇವರ್ಗಿ ಕಡೆ ಸರ್ಕಾರಿ ಸಾಲ್ಯಾಗ ಕನ್ನಡ ಕಲಿಸ್ತೀನಿ. ಮನ್ಯಾಗ ಗೋರಬೋಲಿ, ನೀವು ಲಂಬಾಣಿ ಅನ್ನೋ ಮಾತು. ಅವ್ವ ನಮಗ ಯಾಡಿ, ರೊಟ್ಟಿ ಬಾಟಿ. ಎತ್ತುಗಳ ಮ್ಯಾಲೆ ಉಪ್ಪು, ದವಸ ಹೇರಿಕೊಂಡು ದಖ್ಖನಿಗೆ ಇಳಿದ ಹಿರಿಯರ ಈ ಮಾತು ರಾಜಸ್ಥಾನಿ, ಗುಜರಾತಿಗಳ ಬಳಗದ್ದು.

2011ರ ಜನಗಣತಿಯಾಗ 32 ಲಕ್ಷಕ್ಕೂ ಹೆಚ್ಚು ಮಂದಿ ಲಮಾಣಿ, ಲಂಬಾಡಿ ಅಂತ ಬರೆಸ್ಯಾರ. ಸರ್ಕಾರ ಅದನ್ನ ಹಿಂದಿಯ ಲೆಕ್ಕಕ್ಕ ಸೇರಿಸ್ಯಾದ. ನಮ್ಮ ಯಾಡಿಗಿ ಹಿಂದಿ ಒಂದು ಸಾಲೂ ಬರಂಗಿಲ್ಲ! ಸ್ವಂತ ಲಿಪಿ ಇಲ್ಲದ್ದಕ್ಕ ಇಲ್ಲಿ ಕನ್ನಡದಾಗ, ಗಡಿ ದಾಟಿ ಮಹಾರಾಷ್ಟ್ರಕ್ಕ ಹೋದರ ದೇವನಾಗರಿಯಾಗ, ತೆಲಂಗಾಣದಾಗ ತೆಲುಗಿನ್ಯಾಗ ಬರೀತಾರ. ಗಡಿ ಆಚೆ ಉಮರ್ಗಾದ ಬೀಗರ ಪತ್ರ ನಮ್ಮ ಹುಡುಗರಿಗಿ ಓದಾಕ ಬರಂಗಿಲ್ಲ, ಓದಿ ಹೇಳಿದರ ಪೂರಾ ತಿಳೀತದ. 2023ರ ಜನವರಿಯಾಗ ಮಳಖೇಡದ ಸಮಾರಂಭದಾಗ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗಿ ಹಕ್ಕುಪತ್ರ ಸಿಕ್ಕವು. ಮನಿಗಿ ಕಾಗದ ಬಂತು, ಮಾತಿಗಿ ಬರಲಿಲ್ಲ. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಾಗ ನಮ್ಮದು ಇನ್ನೂ ಇಲ್ಲ.

ಇಷ್ಟು ಮಂದಿ ಮಾತಾಡೋ ಭಾಷೆಗಿ ಏನು ಧೋಕಾ ಅಂತೀರಿ. ದಿನದ ಮಾತಿಗಿ ಈಗೇನೂ ಧೋಕಾ ಇಲ್ಲ, ಖರೆ. ಮೊದಲು ಸವೆಯೋದು ಢಾವಲೊ. ಗಂಡನ ಮನಿಗಿ ಹೊಂಟ ಮದುಮಗಳು ಒಬ್ಬೊಬ್ಬರ ಕೊರಳು ತಬ್ಬಿ ರಾಗ ಮಾಡಿ ಅಳೋ ಹಾಡು ಅದು. ಢಾವಲೊ ಬಾಯಿಪಾಠದ್ದಲ್ಲ. ಅಣ್ಣನಿಗಿ ಬ್ಯಾರೆ ಮಾತು, ಯಾಡಿಗಿ ಬ್ಯಾರೆ ಮಾತು ಅಲ್ಲೇ ಕಟ್ಟಬೇಕು. ಮದುವಿಗಿ ಮೊದಲು ಮುದುಕ್ಯಾರು ಕುಂದರಿಸಿಕೊಂಡು ಕಲಿಸತಿದ್ದರು. ಸಂಜಿ ಖಾಲಿ ಇರಬೇಕು, ಹುಡುಗಿ ತಾಂಡಾದಾಗ ಇರಬೇಕು, ಅಂದ್ರ ಆ ಕಲಿಕೆ. ಈಗ ಹುಡುಗ್ಯಾರು ಅಪ್ಪ-ಅವ್ವನ ಸಂಗಟ ಪುಣೆ, ಮುಂಬೈ ಕಟ್ಟಡ ಕೆಲಸಕ್ಕ, ಇಲ್ಲಾ ಕಬ್ಬು ಕಡಿಯಾಕ ಹೋಗತಾರ. ಮದುವಿ ನಾಕು ದಿನ ಐತಿ ಅನ್ನಾಗ ಬರತಾರ. ಅಫಜಲಪುರದ ಕಡೆ ಒಂದು ಮದುವ್ಯಾಗ ಹುಡುಗಿಗಿ ಅಳು ಬಂತು, ಮಾತು ಬರಲಿಲ್ಲ. ಅತ್ತಿ ಮುಂದ ನಿಂತು ಒಂದೊಂದೇ ಸಾಲು ಕಿವ್ಯಾಗ ಹೇಳಿಕೊಟ್ಟಳು. ಅಷ್ಟರಾಗ ಡಿಜೆ ಸುರುವಾತು.

ಢಾವಲೊ ಕನ್ನಡ ಅಕ್ಷರದಾಗ ಬರಕೋಬೇಕಂತ ಕುಂತರ ಯಾಡಿ ಸುಮ್ಮಸುಮ್ಮಕ ಹಾಡಂಗಿಲ್ಲ. “ಮನ್ಯಾಗಿಂದ ಯಾರೂ ಹೊಂಟಿಲ್ಲ, ನಾ ಯಾಕ ಅಳಲಿ?” ಅಂತ ಬೈತಾಳ. ಅದಕ್ಕ ಬ್ಯಾಸಗಿ ಬಂತಂದ್ರ ನೋಟ್‌ಬುಕ್ ಹಿಡಕೊಂಡು ಕರೆದ ಮದುವಿಗೆಲ್ಲ ಹೋಗತೀನಿ, ಕರೀಲಾರದ ಒಂದೆರಡಕ್ಕೂ.