ಸಂಗತಿ ಅಳಿದರೂ ಉಳಿಯುವ ನೋವು

ಎಂಬತ್ತು ದಾಟಿದ ತಾಯಿಯವರಿಗೆ ಬೆಳಗಿನ ಕಾಫಿ ಕುಡಿದುದೇ ಸ್ವಲ್ಪ ಹೊತ್ತಿನಲ್ಲಿ ಮರೆತುಹೋಗುತ್ತದೆ, ಮೊಮ್ಮಕ್ಕಳ ಹೆಸರು ನಾಲಗೆಗೆ ಬರುವುದಿಲ್ಲ. ಆದರೆ ಮನೆ ಪಾಲಾದಾಗ ಓರಗಿತ್ತಿಯ ಪಾಲಿಗೆ ಹೋದ ಅವಲಕ್ಕಿ ಸರದ ಮಾತು ಮಾತ್ರ ದಿನವೂ ಬರುತ್ತದೆ, ಅದರೊಡನೆ ಕಣ್ಣೀರೂ ಬರುತ್ತದೆ ಎಂದು ವಾಚಕರೊಬ್ಬರು ಬರೆದಿದ್ದಾರೆ. “ಅವರಿಗೆ ಬೇಕಾದ್ದು ಮಾತ್ರ ನೆನಪಿರುತ್ತೆ” ಎಂದು ಮನೆಯವರೇ ಆಡಿಕೊಳ್ಳುತ್ತಾರಂತೆ. ಇದು ನಟನೆಯೇ ಎಂಬುದು ಅವರ ಪ್ರಶ್ನೆ. ನಟನೆಯಲ್ಲ.

ರೋಗಗ್ರಸ್ತವಾದ ಸ್ಮೃತಿ ಕುಸಿಯುವಾಗ ಹೊಸತು ಮೊದಲು, ಹಳೆಯದು ಅನಂತರ ಎಂಬ ಕ್ರಮವೊಂದಿದೆಯೆಂದು ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಥಿಯೊಡ್ಯೂಲ್ ರಿಬೋ 1881ರಷ್ಟು ಹಿಂದೆಯೇ ಪ್ರತಿಪಾದಿಸಿದನು. ವರ್ಷವರ್ಷವೂ ಹಬ್ಬಕ್ಕೆ ಸುಣ್ಣ ಬಳಿಸಿಕೊಂಡ ಗೋಡೆ ತೇವ ಹೀರಿ ಚಕ್ಕೆಯೇಳುವಾಗ, ಮೊನ್ನೆ ಬಳಿದ ಪದರ ಮೊದಲು ಉದುರಿ, ಅಜ್ಜನ ಕಾಲದ ನೀಲಿ ಬೆರೆತ ಪದರ ಹೊರಗೆ ಕಾಣುವುದಿಲ್ಲವೆ, ಹಾಗೆ. ಹೊಸ ಅನುಭವವನ್ನು ದಾಖಲಿಸಿಕೊಳ್ಳಲು ಬೇಕೇಬೇಕಾದ ಹಿಪ್ಪೋಕ್ಯಾಂಪಸ್ ಎಂಬ ಭಾಗವನ್ನು ಆಲ್ಜೈಮರ್ ರೋಗ ಆರಂಭದಲ್ಲೇ ಹಿಡಿಯುವುದರಿಂದಲೂ, ಬಹುಕಾಲದ ನೆನಪುಗಳು ಅಷ್ಟರಲ್ಲಿ ಮಿದುಳಿನ ಹೊರಪದರದಲ್ಲಿ ವ್ಯಾಪಕವಾಗಿ ನೆಲೆಗೊಂಡಿರುವುದರಿಂದಲೂ ಈ ಕ್ರಮ ಉಂಟಾಗುತ್ತದೆ.

ಆದರೆ ಹಳೆಯವುಗಳಲ್ಲಿ ನೋವಿನವೇ ಏಕೆ ಮುಂದೆ ಬರಬೇಕು? ಜಿನೀವಾದ ವೈದ್ಯ ಎಡ್ವರ್ಡ್ ಕ್ಲಾಪರೇದ್ 1911ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಓದಿದಾಗಲೆಲ್ಲ ನಾನು ಬೆರಗಾಗುತ್ತೇನೆ. ಅವನ ಆರೈಕೆಯಲ್ಲಿದ್ದ ಹೆಂಗಸಿಗೆ ಹೊಸದೇನೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ದಿನವೂ ಬರುವ ವೈದ್ಯನೇ ಅವಳಿಗೆ ದಿನವೂ ಅಪರಿಚಿತನಾಗಿದ್ದನು. ಒಮ್ಮೆ ಅವನು ಬೆರಳುಗಳ ನಡುವೆ ಗುಂಡುಸೂಜಿಯನ್ನು ಮರೆಮಾಡಿಕೊಂಡು ಅವಳ ಕೈಕುಲುಕಿ ಚುಚ್ಚಿದನು. ಚುಚ್ಚಿದ ಸಂಗತಿಯನ್ನು ಅವಳು ಬೇಗನೆ ಮರೆತಳು. ಆದರೂ ಅವನು ಮತ್ತೆ ಕೈ ನೀಡಿದಾಗ ಅವಳು ತನ್ನ ಕೈಯನ್ನು ಹಿಂದಕ್ಕೆಳೆದುಕೊಂಡಳು. ಕಾರಣ ಕೇಳಿದರೆ, ಕೈಯನ್ನು ಹಿಂದೆಗೆಯುವ ಅಧಿಕಾರ ತನಗಿಲ್ಲವೇ ಎಂದಳೇ ಹೊರತು ಚುಚ್ಚಿದುದನ್ನು ನೆನೆಯಲಾರದೆ ಹೋದಳು. ರೋಗಿಯನ್ನು ಹೀಗೆ ಚುಚ್ಚುವುದನ್ನು ಇಂದು ಯಾರೂ ಒಪ್ಪರು. ಆದರೆ ಸಂಗತಿ ಬೇರೆ, ಸಂಗತಿ ಬಿಟ್ಟುಹೋದ ನೋವು ಬೇರೆ ಎಂಬುದು ಆ ಕೈಯ ಹಿಂಜರಿಕೆಯಲ್ಲಿ ನಿಚ್ಚಳವಾಯಿತು.

ಭಯ, ದುಃಖ, ಅವಮಾನಗಳು ತೀವ್ರವಾದಾಗ ಅಮಿಗ್ಡಲಾ ಎಂಬ ಭಾಗವು ಅಡ್ರಿನಲಿನ್ ಮೊದಲಾದ ಸ್ರಾವಗಳ ಪ್ರಭಾವದಿಂದ ಪ್ರಚೋದಿತವಾಗಿ ಆ ಕ್ಷಣದ ನೆನಪನ್ನು ಇತರ ಕ್ಷಣಗಳಿಗಿಂತ ಆಳವಾಗಿ ಕೊರೆಯಿಸುತ್ತದೆ. ಸರ ಕೈಬಿಟ್ಟ ದಿನ ಆ ತಾಯಿಯ ಪಾಲಿಗೆ ಅಂತಹ ದಿನವಾಗಿದ್ದಿರಬೇಕು.

ಇಲ್ಲಿ ನನ್ನ ಗೋಡೆಯ ಹೋಲಿಕೆ ಸಾಲದಾಗುತ್ತದೆ. ಹಳೆಯ ಸುಣ್ಣದ ಪದರ ಇದ್ದಂತೆಯೇ ಇರುತ್ತದೆ, ನೆನಪು ಹಾಗಿರುವುದಿಲ್ಲ. ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲಿ ತೋರಿಸಿದಂತೆ, ಕಥೆಯನ್ನು ಮತ್ತೆ ಮತ್ತೆ ಹೇಳುವವನು ತನಗರಿವಿಲ್ಲದೆಯೇ ಅದನ್ನು ತನ್ನ ಭಾವನೆಗೆ ಹೊಂದುವಂತೆ ತಿದ್ದುತ್ತ ಹೋಗುತ್ತಾನೆ. ಆದುದರಿಂದ ತಾಯಿ ಹೇಳುವ ಸರದ ತೂಕ, ಆಡಿದರೆನ್ನುವ ಮಾತು, ನಿಂತಿದ್ದವರ ಹೆಸರು ಇವು ಪಾಲುಪಟ್ಟಿಗೆ ಸರಿಹೊಂದದಿರಬಹುದು. ಮುಪ್ಪಿನ ಮರೆವು ಮನುಷ್ಯನ ನಿಜಸ್ವಭಾವವನ್ನು ಹೊರಗೆಡಹುತ್ತದೆಂದು ಹೇಳುವವರ ಮಾತನ್ನು ನಾನು ಕಿಂಚಿತ್ತೂ ಒಪ್ಪುವುದಿಲ್ಲ. ತಡೆಹಿಡಿಯುವ ಶಕ್ತಿ ಕುಂದಿದ ಮನಸ್ಸು ಆಡುವ ಮಾತನ್ನು ಆ ಮನುಷ್ಯನ ಜೀವಮಾನದ ತೀರ್ಪೆಂದು ಭಾವಿಸುವುದು ಅನ್ಯಾಯ. ಬಚ್ಚಿಟ್ಟ ಜಾಗವನ್ನು ತಾನೇ ಮರೆತ ರೋಗಿ, ಹತ್ತಿರವಿದ್ದು ಸೇವೆ ಮಾಡುವ ಸೊಸೆಯನ್ನೇ ಕಳ್ಳಿಯೆನ್ನುವುದು ಈ ರೋಗದಲ್ಲಿ ತೀರ ಸಾಮಾನ್ಯ.

ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದವರು 2014ರಲ್ಲಿ ಹದಿನೇಳು ಮಂದಿ ಆಲ್ಜೈಮರ್ ರೋಗಿಗಳಿಗೆ ದುಃಖದ ಹಾಗೂ ಸಂತೋಷದ ಚಿತ್ರಭಾಗಗಳನ್ನು ತೋರಿಸಿದರು. ಕೆಲವೇ ನಿಮಿಷಗಳಲ್ಲಿ ಚಿತ್ರ ಬಹುಮಟ್ಟಿಗೆ ಮರೆತುಹೋಯಿತು, ಭಾವ ಉಳಿಯಿತು. ಅಷ್ಟೇ ಅಲ್ಲ, ಚಿತ್ರವನ್ನು ಹೆಚ್ಚು ಮರೆತವರಲ್ಲಿಯೇ ದುಃಖ ಹೆಚ್ಚು ಕಾಲ ನಿಂತಿತು. ಹೀಗಿರುವಾಗ ಸರದ ಲೆಕ್ಕವನ್ನು ತಾಯಿಗೆ ತಿಳಿಹೇಳಿ ವಾದದಲ್ಲಿ ಗೆದ್ದ ಮಗನ ಗೆಲುವು ಆಕೆಗೆ ಮರೆತುಹೋಗಿ, ಅವನ ದನಿಯ ಕಾಠಿನ್ಯದಿಂದಾದ ಕಳವಳ ಮಾತ್ರ ಸಂಜೆಯವರೆಗೂ ಆಕೆಯಲ್ಲಿ ಉಳಿಯಬಹುದು. ಸರ ಹೇಗಿತ್ತು, ತೊಟ್ಟಾಗ ಹೇಗೆ ಕಾಣುತ್ತಿತ್ತು ಎಂದು ಆಕೆಯ ಪಕ್ಕದಲ್ಲಿ ಕುಳಿತು ಕೇಳುವುದು ಹೆಚ್ಚು ಶಾಸ್ತ್ರೀಯವಾದ ಉಪಾಯ. ಏಕೆಂದರೆ ಆ ಪ್ರಯೋಗದಲ್ಲಿ ಸಂತೋಷವೂ ಸಹ ತನ್ನ ಕಾರಣವನ್ನು ಮೀರಿ ಉಳಿದಿತ್ತು.